ಸ್ಟೀರಾಯ್ಡ್ ಅಂದರೆ ವಿಷವೇ? ಈಸ್ಟ್ರೋಜನ್ ಅಂದರೆ ಕ್ಯಾನ್ಸರೇ? ಹಾರ್ಮೋನುಗಳ ಬಗೆಗಿನ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು

"ಡಾಕ್ಟರ್ ಬರೆದುಕೊಟ್ಟ ಮಾತ್ರೆಯಲ್ಲಿ ಸ್ಟೀರಾಯ್ಡ್ ಇದೆ, ಇವತ್ತೇ ನಿಲ್ಲಿಸಿ." "ಹಾರ್ಮೋನ್ ಮಾತ್ರೆ ನುಂಗಿದರೆ ಸ್ತನ ಕ್ಯಾನ್ಸರ್ ಖಚಿತ." "ಬ್ರಾಯ್ಲರ್ ಕೋಳಿಯಲ್ಲಿ ಹಾರ್ಮೋನ್ ಇಂಜೆಕ್ಷನ್, ಹೆಣ್ಣುಮಕ್ಕಳಿಗೆ ತಿನ್ನಿಸಬೇಡಿ." ಇಂಥ ಸಂದೇಶಗಳಲ್ಲಿ ಒಂದಾದರೂ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ. ಕೆಲವು ಪೂರ್ತಿ ಸುಳ್ಳು. ಕೆಲವು ಅರ್ಧ ನಿಜ. ಅರ್ಧ ನಿಜ ಇರುವವೇ ಹೆಚ್ಚು ಅಪಾಯಕಾರಿ, ಏಕೆಂದರೆ ಅವನ್ನು ನಂಬಿ ಜನ ಬೇಕಾದ ಔಷಧ ಬಿಡುತ್ತಾರೆ, ಬೇಡವಾದದ್ದನ್ನು ತಾವೇ ಶುರು ಮಾಡಿಕೊಳ್ಳುತ್ತಾರೆ.

ಈ ಲೇಖನದ ಸಾರ ಇಷ್ಟು: ಸ್ಟೀರಾಯ್ಡ್ ಹಾರ್ಮೋನ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಹಾರ್ಮೋನ್, ಎಷ್ಟು ಪ್ರಮಾಣ, ಎಷ್ಟು ದಿನ, ಯಾರಿಗೆ ಎಂದು ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ.

ಸ್ಟೀರಾಯ್ಡ್ ಎಂಬುದು ಒಂದು ಔಷಧದ ಹೆಸರಲ್ಲ

ಸ್ಟೀರಾಯ್ಡ್ ಎಂದರೆ ಒಂದು ದೊಡ್ಡ ಕುಟುಂಬ. ಈ ಕುಟುಂಬದ ಹಾರ್ಮೋನುಗಳನ್ನು ನಮ್ಮ ದೇಹವೇ ಕೊಲೆಸ್ಟರಾಲ್‌ನಿಂದ ತಯಾರಿಸಿಕೊಳ್ಳುತ್ತದೆ. ಕೊಲೆಸ್ಟರಾಲ್ ಅಂದ ಕೂಡಲೇ ಹೃದಯಾಘಾತ ನೆನಪಾಗುವುದು ಸಹಜ. ಆದರೆ ಅದು ಇಲ್ಲದಿದ್ದರೆ ಈ ಹಾರ್ಮೋನುಗಳೇ ಇರುತ್ತಿರಲಿಲ್ಲ.

ಕುಟುಂಬದ ಮುಖ್ಯ ಸದಸ್ಯರು ಇವರು:

- ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್: ಹೆಚ್ಚಾಗಿ ಅಂಡಾಶಯದಲ್ಲಿ ತಯಾರಾಗುತ್ತವೆ. ಮುಟ್ಟು, ಗರ್ಭಧಾರಣೆ ಇವುಗಳ ಮುಖ್ಯ ಕೆಲಸ. ಈಸ್ಟ್ರೋಜನ್ ಮೂಳೆಯನ್ನೂ ಕಾಯುತ್ತದೆ.
- ಟೆಸ್ಟೋಸ್ಟೆರಾನ್: ವೃಷಣಗಳಲ್ಲಿ ಹೆಚ್ಚು, ಅಂಡಾಶಯದಲ್ಲಿ ಸ್ವಲ್ಪ. ಗಡ್ಡ-ಮೀಸೆ, ಗಡಸು ದನಿ, ಸ್ನಾಯುಬಲ ಇದರಿಂದ.
- ಕಾರ್ಟಿಸೋಲ್: ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯಲ್ಲಿ ತಯಾರಾಗುತ್ತದೆ. ಕಾಯಿಲೆ, ಗಾಯ, ಒತ್ತಡಗಳನ್ನು ತಡೆದುಕೊಳ್ಳಲು, ರಕ್ತದೊತ್ತಡ ಮತ್ತು ಸಕ್ಕರೆ ಅಂಶ ಕುಸಿಯದಂತೆ ನೋಡಿಕೊಳ್ಳಲು ಬೇಕು.
- ಆಲ್ಡೋಸ್ಟೆರಾನ್: ಇದೂ ಅಡ್ರಿನಲ್ ಗ್ರಂಥಿಯದೇ. ದೇಹದ ಉಪ್ಪು-ನೀರಿನ ಲೆಕ್ಕ ಇಡುತ್ತದೆ.

ಹಾಗಾಗಿ ಜಿಮ್‌ನಲ್ಲಿ ಗುಟ್ಟಾಗಿ ಮಾರುವ ಸ್ಟೀರಾಯ್ಡ್ ಬೇರೆ, ಉಬ್ಬಸಕ್ಕೆ ವೈದ್ಯರು ಕೊಡುವ ಸ್ಟೀರಾಯ್ಡ್ ಬೇರೆ. ಮೊದಲನೆಯದು ಟೆಸ್ಟೋಸ್ಟೆರಾನ್ ಬಳಗಕ್ಕೆ ಸೇರಿದ್ದು, ಎರಡನೆಯದು ಕಾರ್ಟಿಸೋಲ್ ಬಳಗದ್ದು. ಒಂದೇ ಮನೆತನದ ಹೆಸರಿದ್ದರೂ ಕೆಲಸ ಬೇರೆ, ಅಡ್ಡ ಪರಿಣಾಮವೂ ಬೇರೆ. ಎಷ್ಟೋ ಫಾರ್ವರ್ಡ್‌ಗಳು ಎಡವುವುದು ಇಲ್ಲಿಯೇ.

ಒಂದೇ ಹಾರ್ಮೋನ್ ಹಲವು ಕಡೆ ಹಲವು ಕೆಲಸ ಮಾಡುವುದು ಹೇಗೆ?

ಸ್ಟೀರಾಯ್ಡ್ ಹಾರ್ಮೋನುಗಳು ಕೊಬ್ಬಿನಲ್ಲಿ ಕರಗುತ್ತವೆ. ಆದ್ದರಿಂದ ಜೀವಕೋಶದ ಹೊರಪೊರೆಯನ್ನು ಸುಲಭವಾಗಿ ದಾಟಿ ಒಳಗೆ ಹೋಗುತ್ತವೆ. ಒಳಗೆ ಅವುಗಳಿಗಾಗಿಯೇ ಇರುವ ಗ್ರಾಹಕ ಎಂಬ ಪ್ರೋಟೀನು ಕಾದಿರುತ್ತದೆ. ಹಾರ್ಮೋನ್ ಕೀಲಿಯಾದರೆ ಗ್ರಾಹಕ ಬೀಗ. ಎರಡೂ ಸೇರಿದ ಮೇಲೆ ಡಿಎನ್‌ಎಗೆ ಅಂಟಿಕೊಂಡು ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತವೆ, ಕೆಲವನ್ನು ಬಂದ್ ಮಾಡುತ್ತವೆ.

ಗ್ರಾಹಕ ಇಲ್ಲದ ಜೀವಕೋಶಕ್ಕೆ ಹಾರ್ಮೋನ್ ಬಂದರೂ ಒಂದೇ, ಬಾರದಿದ್ದರೂ ಒಂದೇ. ಇರುವ ಕಡೆಯೂ ಪ್ರತಿ ಅಂಗದಲ್ಲಿ ಬೇರೆ ಬೇರೆ ಜೀನ್‌ಗಳು ಚಾಲೂ ಆಗುತ್ತವೆ. ಅದಕ್ಕೇ ಈಸ್ಟ್ರೋಜನ್ ಮೂಳೆಯಲ್ಲಿ ಸವೆತ ತಡೆಯುತ್ತದೆ, ಗರ್ಭಕೋಶದಲ್ಲಿ ಒಳಪದರ ಬೆಳೆಸುತ್ತದೆ, ಯಕೃತ್ತಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳ ತಯಾರಿ ಹೆಚ್ಚಿಸುತ್ತದೆ. ಇವುಗಳಲ್ಲಿ ಒಂದನ್ನು ಮಾತ್ರ ಹಿಡಿದು "ಈಸ್ಟ್ರೋಜನ್ ಅಮೃತ" ಎಂದೂ ಬರೆಯಬಹುದು, "ಈಸ್ಟ್ರೋಜನ್ ವಿಷ" ಎಂದೂ ಬರೆಯಬಹುದು.

ಈಸ್ಟ್ರೋಜನ್ ಹೆಣ್ಣಿಗೆ ಮಾತ್ರವೇ?

ಅಲ್ಲ. ಗಂಡಿನ ದೇಹದಲ್ಲೂ ಅರೊಮಟೇಸ್ ಎಂಬ ಕಿಣ್ವ ಸ್ವಲ್ಪ ಟೆಸ್ಟೋಸ್ಟೆರಾನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತಲೇ ಇರುತ್ತದೆ. ಅದು ಎಷ್ಟು ಮುಖ್ಯ ಎಂಬುದು 1994ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಒಂದು ಪ್ರಕರಣದಿಂದ ತಿಳಿಯಿತು. 28 ವರ್ಷದ ಆ ಗಂಡಸಿನ ಟೆಸ್ಟೋಸ್ಟೆರಾನ್ ಮಟ್ಟ ಸರಿಯಾಗಿಯೇ ಇತ್ತು. ಆದರೆ ಎತ್ತರ 204 ಸೆಂಟಿಮೀಟರ್ ಮುಟ್ಟಿದ್ದರೂ ಬೆಳವಣಿಗೆ ನಿಂತಿರಲಿಲ್ಲ. ಜೊತೆಗೆ ಮೂಳೆಗಳು ಸವೆದುಹೋಗಿದ್ದವು. ಹುಡುಕಿದಾಗ ಅವರ ಈಸ್ಟ್ರೋಜನ್ ಗ್ರಾಹಕವೇ ಕೆಲಸ ಮಾಡುತ್ತಿಲ್ಲವೆಂದು ಗೊತ್ತಾಯಿತು. ಗಂಡಸಿನ ಮೂಳೆ ಸಕಾಲಕ್ಕೆ ಬೆಳವಣಿಗೆ ನಿಲ್ಲಿಸಿ ಗಟ್ಟಿಯಾಗಬೇಕಾದರೂ ಈಸ್ಟ್ರೋಜನ್ ಬೇಕು.

ಮುಟ್ಟು ನಿಂತ ಮೇಲೆ ಏನಾಗುತ್ತದೆ?

ನಮ್ಮ ದೇಶದಲ್ಲಿ ಹೆಚ್ಚಿನ ಹೆಂಗಸರಿಗೆ 46-47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ತೀರಾ ಇಳಿಯುತ್ತದೆ. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು, ರಾತ್ರಿ ನಿದ್ದೆ ಬಾರದಿರುವುದು, ಯೋನಿಯ ಭಾಗ ಒಣಗಿ ಉರಿಯುವುದು ಇದರ ಲಕ್ಷಣಗಳು. ಕಣ್ಣಿಗೆ ಕಾಣದ ಬದಲಾವಣೆ ಮೂಳೆಯದು: ಮೊದಲ ಕೆಲವು ವರ್ಷಗಳಲ್ಲಿ ಅದು ವೇಗವಾಗಿ ಸವೆಯುತ್ತದೆ. ಬಚ್ಚಲಲ್ಲಿ ಒಮ್ಮೆ ಜಾರಿದ್ದಕ್ಕೇ ಅಜ್ಜಿಯ ಸೊಂಟದ ಮೂಳೆ ಮುರಿಯುವುದರ ಹಿಂದೆ ಹೆಚ್ಚಾಗಿ ಈ ಸವೆತ ಇರುತ್ತದೆ.

ನಾವು ಒತ್ತಿ ಹೇಳಬೇಕಾದ ಇನ್ನೊಂದು ಮಾತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇ 3ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. "ಮಕ್ಕಳಾದವಲ್ಲ, ಇನ್ನೇಕೆ ಬೇಕು, ತೆಗೆಸಿಬಿಡಿ" ಎನ್ನುವ ಮಾತು ಹಳ್ಳಿಗಳಲ್ಲಿ ಈಗಲೂ ಕೇಳುತ್ತದೆ. ಬರೀ ಗರ್ಭಕೋಶ ತೆಗೆದರೆ ಈಸ್ಟ್ರೋಜನ್ ತಕ್ಷಣ ನಿಲ್ಲುವುದಿಲ್ಲ. ಅದರ ಜೊತೆ ಎರಡೂ ಅಂಡಾಶಯ ತೆಗೆದರೆ ಅದು ಒಂದೇ ದಿನದಲ್ಲಿ ಕುಸಿಯುತ್ತದೆ. 35ನೇ ವಯಸ್ಸಿನಲ್ಲಿ ಹೀಗಾದವರಿಗೆ ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯ ಹತ್ತು ವರ್ಷ ಮೊದಲೇ ಶುರುವಾಗುತ್ತದೆ. ಹಾರ್ಮೋನ್ ಕೊಡಬಾರದೆಂಬ ಕಾರಣ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಅವರಿಗೆ ಈಸ್ಟ್ರೋಜನ್ ಕೊಡುವುದು ರೂಢಿಯಲ್ಲಿರುವ ಚಿಕಿತ್ಸೆ. ಆಪರೇಷನ್‌ಗೆ ಮುಂಚೆ "ಅಂಡಾಶಯವನ್ನೂ ತೆಗೆಯುತ್ತೀರಾ? ಯಾಕೆ?" ಎಂದು ಕೇಳುವುದು ನಿಮ್ಮ ಹಕ್ಕು.

ಹಾಗಾದರೆ ಕ್ಯಾನ್ಸರ್ ಭಯ ಸುಳ್ಳೇ?

ಪೂರ್ತಿ ಸುಳ್ಳಲ್ಲ. 1896ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್, ಸ್ತನ ಕ್ಯಾನ್ಸರ್ ತೀವ್ರವಾಗಿದ್ದ ಮಹಿಳೆಯೊಬ್ಬರ ಅಂಡಾಶಯಗಳನ್ನು ತೆಗೆದಾಗ ಗೆಡ್ಡೆ ಕುಗ್ಗಿತೆಂದು ವರದಿ ಮಾಡಿದರು. ಆಗ ಈಸ್ಟ್ರೋಜನ್ ಎಂಬ ವಸ್ತುವನ್ನು ಇನ್ನೂ ಯಾರೂ ಬೇರ್ಪಡಿಸಿರಲಿಲ್ಲ. ಅದು ಆದದ್ದು 1929ರಲ್ಲಿ. ಇಂದು ನಮಗೆ ಗೊತ್ತಿರುವಂತೆ, ಜಗತ್ತಿನ ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ರಷ್ಟರಲ್ಲಿ ಈಸ್ಟ್ರೋಜನ್ ಗ್ರಾಹಕ ಇರುತ್ತದೆ. ಭಾರತದಲ್ಲಿ ಈ ಪ್ರಮಾಣ ಸ್ವಲ್ಪ ಕಡಿಮೆ. ಇಂಥ ಕ್ಯಾನ್ಸರ್‌ಗೆ ಈಸ್ಟ್ರೋಜನ್ ಗೊಬ್ಬರವಿದ್ದಂತೆ.

ಆದರೆ ಇದೇ ಜ್ಞಾನದಿಂದ ಚಿಕಿತ್ಸೆಯೂ ಹುಟ್ಟಿತು. ಟ್ಯಾಮಾಕ್ಸಿಫೆನ್ ಮಾತ್ರೆ ಸ್ತನದಲ್ಲಿ ಈಸ್ಟ್ರೋಜನ್ ಕೂರುವ ಜಾಗದಲ್ಲಿ ತಾನೇ ಕುಳಿತು ದಾರಿ ಕಟ್ಟುತ್ತದೆ. ಗ್ರಾಹಕ ಇರುವ ಕ್ಯಾನ್ಸರ್‌ನವರು ಸುಮಾರು 5 ವರ್ಷ ತೆಗೆದುಕೊಂಡರೆ ಆ ಕ್ಯಾನ್ಸರ್‌ನಿಂದ ಸಾಯುವ ಅಪಾಯ ಮೂರನೇ ಒಂದರಷ್ಟು ಇಳಿಯುತ್ತದೆ. "ಟ್ಯಾಮಾಕ್ಸಿಫೆನ್‌ನಿಂದಲೇ ಗರ್ಭಕೋಶದ ಕ್ಯಾನ್ಸರ್ ಬರುತ್ತದೆ" ಎನ್ನುವವರಿದ್ದಾರೆ. ಮುಟ್ಟು ನಿಂತವರಲ್ಲಿ ಆ ಅಪಾಯ ಸ್ವಲ್ಪ ಹೆಚ್ಚುವುದು ನಿಜ, ಏಕೆಂದರೆ ಈ ಮಾತ್ರೆ ಗರ್ಭಕೋಶದಲ್ಲಿ ಈಸ್ಟ್ರೋಜನ್‌ನಂತೆಯೇ ವರ್ತಿಸುತ್ತದೆ. ಆದರೆ ಸ್ತನ ಕ್ಯಾನ್ಸರ್ ಮರಳದಂತೆ ತಡೆಯುವ ಲಾಭದ ಮುಂದೆ ಅದು ಬಹಳ ಚಿಕ್ಕದು. ಮಾತ್ರೆ ಬಿಡುವುದಲ್ಲ, ರಕ್ತಸ್ರಾವ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸುವುದು ಇದಕ್ಕೆ ದಾರಿ.

ಮುಟ್ಟು ನಿಂತ ಮೇಲಿನ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಹರಡಿರುವ ಭಯದ ಮೂಲ 2002ರ ಒಂದು ಅಮೆರಿಕನ್ ಅಧ್ಯಯನ. 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಎಂಬ ಆ ಅಧ್ಯಯನದ ಒಂದು ಭಾಗದಲ್ಲಿ 16,608 ಮಹಿಳೆಯರಲ್ಲಿ ಕೆಲವರಿಗೆ ಈಸ್ಟ್ರೋಜನ್-ಪ್ರೊಜೆಸ್ಟಿನ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಡಲಾಗಿತ್ತು. ಅಪಾಯ ಹೆಚ್ಚು ಕಂಡದ್ದರಿಂದ ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. "ಸ್ತನ ಕ್ಯಾನ್ಸರ್ ಶೇ 26 ಹೆಚ್ಚು" ಎಂಬ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಅಂಕಿ ಸುಳ್ಳಲ್ಲ. ಬಿಡಿಸಿ ನೋಡಿದರೆ ಹೀಗಿದೆ. ವರ್ಷಕ್ಕೆ 10,000 ಮಹಿಳೆಯರ ಲೆಕ್ಕದಲ್ಲಿ:

- ಸ್ತನ ಕ್ಯಾನ್ಸರ್: ಔಷಧವಿಲ್ಲದವರಲ್ಲಿ 30, ಹಾರ್ಮೋನ್ ಪಡೆದವರಲ್ಲಿ 38
- ಪಾರ್ಶ್ವವಾಯು: 21, 29
- ಸೊಂಟದ ಮೂಳೆ ಮುರಿತ: 15, 10

ಶೇ 26 ಎಂದರೆ ನೂರರಲ್ಲಿ 26 ಜನಕ್ಕೆ ಕ್ಯಾನ್ಸರ್ ಎಂದಲ್ಲ, 10,000ಕ್ಕೆ 8 ಜನ ಹೆಚ್ಚು ಎಂದರ್ಥ. ಇನ್ನೂ ಎರಡು ವಿಷಯ ಸುದ್ದಿಯಲ್ಲಿ ಸರಿಯಾಗಿ ಬರಲಿಲ್ಲ. ಭಾಗವಹಿಸಿದವರ ಸರಾಸರಿ ವಯಸ್ಸು 63. ಅಂದರೆ ಹಲವರಿಗೆ ಮುಟ್ಟು ನಿಂತು ಹತ್ತು ವರ್ಷ ಕಳೆದಿತ್ತು. ಮತ್ತು ಗರ್ಭಕೋಶ ಇಲ್ಲದವರಿಗೆ ಬರೀ ಈಸ್ಟ್ರೋಜನ್ ಕೊಟ್ಟ ಇನ್ನೊಂದು ಭಾಗದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ಪಾರ್ಶ್ವವಾಯು ಮಾತ್ರ ಹೆಚ್ಚಿತು.

ಗರ್ಭಕೋಶ ಇರುವವರಿಗೆ ಬರೀ ಈಸ್ಟ್ರೋಜನ್ ಏಕೆ ಕೊಡುವುದಿಲ್ಲ? ಅದು ಒಳಪದರವನ್ನು ಬೆಳೆಸುತ್ತಲೇ ಹೋಗಿ ಕ್ಯಾನ್ಸರ್‌ಗೆ ದಾರಿ ಮಾಡಬಹುದು. ಪ್ರೊಜೆಸ್ಟರಾನ್ ಆ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಇದರಿಂದ ಎಲ್ಲರೂ ತಿಳಿದಿರಬೇಕಾದ ಒಂದು ಪಾಠ ಸಿಗುತ್ತದೆ: ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರಿಗೆ ತೋರಿಸಬೇಕು. "ಉಷ್ಣ ಆಗಿರಬೇಕು" ಎಂದು ಸುಮ್ಮನಿರಬೇಡಿ.

ಈಗಿನ ತಿಳಿವಳಿಕೆ ಹೀಗಿದೆ: 60 ವರ್ಷದೊಳಗಿದ್ದು, ಮುಟ್ಟು ನಿಂತು ಹತ್ತು ವರ್ಷವಾಗದೆ, ತೊಂದರೆ ತೀವ್ರವಾಗಿದ್ದರೆ ಹೆಚ್ಚಿನವರಿಗೆ ಲಾಭವೇ ಜಾಸ್ತಿ. ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು ಸಾಮಾನ್ಯವಾಗಿ ಇದನ್ನು ತೆಗೆದುಕೊಳ್ಳುವಂತಿಲ್ಲ.

ಕಾರ್ಟಿಸೋಲ್ ಬಳಗ: ಜೀವ ಉಳಿಸುವುದೂ ಇದೇ, ಕಾಡುವುದೂ ಇದೇ

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ತೀವ್ರ ಕೀಲುವಾತದಿಂದ ನರಳುತ್ತಿದ್ದ ಯುವತಿಗೆ ಕಾರ್ಟಿಸೋನ್ ಕೊಟ್ಟರು. ಹಾಸಿಗೆಯಿಂದ ಏಳುವುದೇ ಕಷ್ಟವಾಗಿದ್ದ ಆಕೆ ಕೆಲವೇ ದಿನಗಳಲ್ಲಿ ನಡೆದಾಡಿದಳು. 1950ರಲ್ಲೇ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಆದರೆ ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಮುಖ ಊದುವುದು, ಸಕ್ಕರೆ ಕಾಯಿಲೆ, ಮೂಳೆ ಸವೆತ, ಸೋಂಕು ಕಾಣಿಸಿಕೊಂಡವು. ಅತಿಯಾದರೆ ಅಮೃತವೂ ವಿಷ.

ಕೋವಿಡ್ ಕಾಲದಲ್ಲಿ ಇದೇ ಪಾಠವನ್ನು ನಾವೆಲ್ಲ ಕಣ್ಣಾರೆ ಕಂಡೆವು. 2020ರಲ್ಲಿ ಬ್ರಿಟನ್‌ನ 'ರಿಕವರಿ' ಅಧ್ಯಯನದಲ್ಲಿ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಕೊಟ್ಟಾಗ ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವು ಐದನೇ ಒಂದರಷ್ಟು ಕಡಿಮೆಯಾಯಿತು. ಆಮ್ಲಜನಕ ಬೇಕಿಲ್ಲದವರಿಗೆ ಯಾವ ಲಾಭವೂ ಆಗಲಿಲ್ಲ. ಆದರೂ 2021ರ ಎರಡನೇ ಅಲೆಯಲ್ಲಿ ಮನೆಯಲ್ಲಿ ಜ್ವರದಿಂದ ಮಲಗಿದ್ದವರೂ ವಾಟ್ಸಾಪ್ ಚೀಟಿ ನೋಡಿ ಸ್ಟೀರಾಯ್ಡ್ ನುಂಗಿದರು. ಹತೋಟಿಯಲ್ಲಿಲ್ಲದ ಮಧುಮೇಹದ ಜೊತೆ ಸ್ಟೀರಾಯ್ಡ್‌ನ ಅತಿಬಳಕೆಯೂ ಸೇರಿ ಬ್ಲ್ಯಾಕ್ ಫಂಗಸ್ ಹರಡಲು ಕಾರಣವಾಯಿತು.

ಇದ್ದಕ್ಕಿದ್ದಂತೆ ನಿಲ್ಲಿಸುವುದು ಏಕೆ ಅಪಾಯ? ದೇಹ ದಿನಕ್ಕೆ ತಯಾರಿಸುವ ಕಾರ್ಟಿಸೋಲ್ ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಇದಕ್ಕಿಂತ ಹೆಚ್ಚಿನ ಪ್ರಮಾಣ ಕೆಲವು ವಾರ ಹೊರಗಿನಿಂದ ಬಂದರೆ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ನಿದ್ದೆಗೆ ಜಾರುತ್ತದೆ. ಮಾತ್ರೆ ಥಟ್ಟನೆ ಬಿಟ್ಟರೆ ದೇಹದ್ದೂ ಇಲ್ಲ, ಹೊರಗಿನದೂ ಇಲ್ಲ. ವಾಂತಿ, ವಿಪರೀತ ಸುಸ್ತು, ರಕ್ತದೊತ್ತಡ ಕುಸಿತ, ಕೆಲವೊಮ್ಮೆ ಸಾವು. ಅದಕ್ಕೇ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. "ಇವತ್ತೇ ನಿಲ್ಲಿಸಿ" ಎನ್ನುವ ಫಾರ್ವರ್ಡ್ ಪ್ರಾಣಕ್ಕೇ ಎರವಾಗಬಲ್ಲದು.

ಫಾರ್ವರ್ಡ್‌ನಲ್ಲಿ ಹೇಳಿದ್ದೇನು, ನಿಜವೇನು?

"ಇನ್ಹೇಲರ್‌ನಲ್ಲಿ ಸ್ಟೀರಾಯ್ಡ್ ಇದೆ, ಮಕ್ಕಳಿಗೆ ಕೊಡಬೇಡಿ."
ಹಲವು ಇನ್ಹೇಲರ್‌ಗಳಲ್ಲಿ ಇರುವುದು ನಿಜ. ಆದರೆ ಒಂದು ಸಲ ಎಳೆದುಕೊಂಡಾಗ ಬರುವುದು ಸಾಮಾನ್ಯವಾಗಿ 100-200 ಮೈಕ್ರೋಗ್ರಾಂ. ಮಾತ್ರೆಯ ಪ್ರಮಾಣ ಮಿಲಿಗ್ರಾಂ ಲೆಕ್ಕದ್ದು, ಅಂದರೆ ಹತ್ತಾರು ಪಟ್ಟು ಹೆಚ್ಚು. ಇನ್ಹೇಲರ್ ಔಷಧ ಹೆಚ್ಚಾಗಿ ಶ್ವಾಸಕೋಶದಲ್ಲೇ ಕೆಲಸ ಮಾಡುತ್ತದೆ. ಬಳಸಿದ ಮೇಲೆ ಬಾಯಿ ಮುಕ್ಕಳಿಸಿ. ನಿಲ್ಲಿಸಿದರೆ ಉಬ್ಬಸ ಉಲ್ಬಣಿಸುವ ಅಪಾಯವೇ ದೊಡ್ಡದು.

"ಮುಟ್ಟು ಮುಂದೂಡುವ ಮಾತ್ರೆ ತಿಂದರೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಸಾವು."
ಹಬ್ಬ, ಮದುವೆ, ಯಾತ್ರೆ ಎಂದು ಹಲವರು ನುಂಗುವ ಈ ಮಾತ್ರೆ ನಾರೆಥಿಸ್ಟೆರಾನ್, ಪ್ರೊಜೆಸ್ಟರಾನ್ ಬಳಗದ್ದು. ಆರೋಗ್ಯವಂತರು ವೈದ್ಯರು ಹೇಳಿದಂತೆ ಕೆಲವು ದಿನ ತೆಗೆದುಕೊಂಡರೆ ಅಂಥ ಅಪಾಯ ಬಹಳ ಅಪರೂಪ. ಆದರೆ ಈ ಪ್ರಮಾಣದಲ್ಲಿ ಅದರ ಸ್ವಲ್ಪ ಭಾಗ ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಹಾಗಾಗಿ ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ, ಮನೆಯವರಿಗೆ ಆ ತೊಂದರೆ ಇದ್ದವರಿಗೆ ಇದು ಬೇಡ. ಪಕ್ಕದ ಮನೆಯವರ ಮಾತ್ರೆ ಕೇಳಿ ನುಂಗುವುದಂತೂ ಬೇಡವೇ ಬೇಡ.

"ಬ್ರಾಯ್ಲರ್ ಕೋಳಿಯ ಹಾರ್ಮೋನ್‌ನಿಂದ ಹುಡುಗಿಯರು ಬೇಗ ಮೈನೆರೆಯುತ್ತಾರೆ."
ಕೋಳಿ ಬೇಗ ಬೆಳೆಯುವುದು ತಳಿ ಆಯ್ಕೆಯಿಂದ. ಕೆನಡಾದಲ್ಲಿ 1957ರ ತಳಿಗೂ 2005ರ ತಳಿಗೂ ಒಂದೇ ಮೇವು ಹಾಕಿ ಸಾಕಿದಾಗ 56 ದಿನಕ್ಕೆ ಮೊದಲನೆಯದು ಸುಮಾರು 900 ಗ್ರಾಂ, ಎರಡನೆಯದು 4.2 ಕಿಲೋ ತೂಗಿತು. ಸಾವಿರಾರು ಕೋಳಿಗೆ ಮತ್ತೆ ಮತ್ತೆ ಇಂಜೆಕ್ಷನ್ ಚುಚ್ಚುವುದು ಸಾಕಣೆದಾರರಿಗೆ ಲಾಭದ ಕೆಲಸವೂ ಅಲ್ಲ. ಕೋಳಿ ಸಾಕಣೆಯಲ್ಲಿ ನಿಜವಾಗಿ ಚಿಂತಿಸಬೇಕಾದದ್ದು ಆಂಟಿಬಯಾಟಿಕ್‌ಗಳ ಅತಿಬಳಕೆ. ಹುಡುಗಿಯರು ಬೇಗ ಮೈನೆರೆಯುವುದಕ್ಕೂ ಪೌಷ್ಟಿಕತೆ, ದೇಹದ ಕೊಬ್ಬಿಗೂ ಸಂಬಂಧ ಇದೆ. 8 ವರ್ಷಕ್ಕೆ ಮುಂಚೆಯೇ ಸ್ತನ ಬೆಳೆಯತೊಡಗಿದರೆ ಮಕ್ಕಳ ವೈದ್ಯರಿಗೆ ತೋರಿಸಿ.

"ಸೋಯಾ ತಿಂದರೆ ಗಂಡಸರಿಗೆ ಸ್ತನ, ಹೆಂಗಸರಿಗೆ ಕ್ಯಾನ್ಸರ್."
ಸೋಯಾದಲ್ಲಿರುವ ಐಸೊಫ್ಲಾವೋನ್ ಈಸ್ಟ್ರೋಜನ್‌ನ ಗ್ರಾಹಕಕ್ಕೆ ಅಂಟುತ್ತದೆ, ಆದರೆ ಅದರ ಶಕ್ತಿ ಬಹಳ ಕಡಿಮೆ. ಊಟದ ಪ್ರಮಾಣದಲ್ಲಿ ತಿಂದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾದದ್ದು ಕಂಡಿಲ್ಲ.

"ಈ ಕ್ರೀಮ್ ಹಚ್ಚಿ, ಏಳು ದಿನದಲ್ಲಿ ಬೆಳ್ಳಗಾಗಿ."
ಇಲ್ಲಿ ಹೆದರಬೇಕು, ಆದರೆ ಯಾರೂ ಹೆದರುವುದಿಲ್ಲ. ಇಂಥ ಎಷ್ಟೋ ಕ್ರೀಮ್‌ಗಳಲ್ಲಿ ಬೀಟಾಮೆಥಸೋನ್, ಕ್ಲೊಬೆಟಸಾಲ್‌ನಂಥ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಮೊಡವೆ, ಕೂದಲು ಬರುತ್ತದೆ. ಹುಳುಕಡ್ಡಿಗೆ ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಿದರೆ ಕೆರೆತ ನಿಲ್ಲುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಆದೇಶಿಸಿತು.

"ಗಿಡಮೂಲಿಕೆ ಪುಡಿ, ಮೂರೇ ದಿನದಲ್ಲಿ ಮಂಡಿನೋವು ಮಾಯ."
ಹೆಸರು, ಅಂಶಗಳ ಪಟ್ಟಿ ಏನೂ ಇಲ್ಲದ ಪೊಟ್ಟಣದ ಔಷಧ ಇಷ್ಟು ಬೇಗ ಕೆಲಸ ಮಾಡಿದರೆ ಅನುಮಾನಿಸಿ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ.

"ಜಿಮ್ ಇಂಜೆಕ್ಷನ್ ತಗೊಂಡ್ರೆ ಗಂಡಸುತನ ಹೆಚ್ಚುತ್ತೆ."
ಉಲ್ಟಾ. ಹೊರಗಿನ ಟೆಸ್ಟೋಸ್ಟೆರಾನ್ ಬಂದರೆ ಮಿದುಳು ವೃಷಣಗಳಿಗೆ ಕೆಲಸ ನಿಲ್ಲಿಸಲು ಹೇಳುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ. ಹೆಚ್ಚಾದ ಟೆಸ್ಟೋಸ್ಟೆರಾನ್ ಈಸ್ಟ್ರೋಜನ್ ಆಗಿ ಬದಲಾಗಿ ಎದೆ ಉಬ್ಬಬಹುದು. ಒಳ್ಳೆಯ ಕೊಲೆಸ್ಟರಾಲ್ ಇಳಿದು ಹೃದಯಕ್ಕೂ ಪೆಟ್ಟು.

ನೀವು ಮಾಡಬೇಕಾದದ್ದು

- ಚೀಟಿಯಲ್ಲಿ ಸ್ಟೀರಾಯ್ಡ್ ಅಥವಾ ಹಾರ್ಮೋನ್ ಇದ್ದರೆ ವೈದ್ಯರನ್ನು ಕೇಳಿ: ಯಾವುದು, ಯಾಕೆ, ಎಷ್ಟು ದಿನ, ನಿಲ್ಲಿಸುವುದು ಹೇಗೆ?
- ವಾರಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಆಪರೇಷನ್, ಅಪಘಾತ, ವಾಂತಿಯ ಸಂದರ್ಭದಲ್ಲಿ ಚಿಕಿತ್ಸೆ ಕೊಡುವವರಿಗೆ ಮೊದಲು ಇದನ್ನು ತಿಳಿಸಿ. ಚೀಟಿಯ ಫೋಟೋ ಫೋನ್‌ನಲ್ಲಿ ಇರಲಿ.
- ಸಕ್ಕರೆ ಕಾಯಿಲೆ ಇರುವವರು ಸ್ಟೀರಾಯ್ಡ್ ಶುರುವಾದ ಮೇಲೆ ಸಕ್ಕರೆ ಪರೀಕ್ಷೆಯನ್ನು ಹೆಚ್ಚು ಸಲ ಮಾಡಿಸಿ.
- ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವಾಗ ಒಂದೇ ಕಾಲು ಊದಿ ನೋವಾದರೆ, ಹಠಾತ್ ಉಸಿರು ಕಟ್ಟಿದರೆ, ಎದೆನೋವು ಬಂದರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.
- ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರ್‌ನಲ್ಲಿ ಸ್ಟೀರಾಯ್ಡ್ ಮಾತ್ರೆ, ಕ್ರೀಮ್ ಮತ್ತೆ ಮತ್ತೆ ಕೊಳ್ಳಬೇಡಿ.

ಮುಂದಿನ ಸಲ "ಸ್ಟೀರಾಯ್ಡ್ ಇದೆ, ಎಚ್ಚರ" ಎಂಬ ಸಂದೇಶ ಬಂದಾಗ ಅದರಲ್ಲಿ ಹಾರ್ಮೋನಿನ ಹೆಸರು, ಪ್ರಮಾಣ, ಎಷ್ಟು ದಿನ ಎಂಬುದು ಇದೆಯೇ ನೋಡಿ. ಇಲ್ಲದಿದ್ದರೆ ಅದನ್ನು ಮುಂದೆ ಕಳಿಸಬೇಡಿ. ಆ ಗುಂಪಿನಲ್ಲಿ ಯಾರೋ ಒಬ್ಬರು ಅದೇ ಮಾತ್ರೆಯನ್ನು ನಂಬಿ ಬದುಕಿರಬಹುದು.